ದಾವಣಗೆರೆಯಿಂದ ಡ್ಯಾನ್ಯೂಬ್ ದಂಡೆಗೆ: ಮದುವೆಯ ವಾರ್ಷಿಕೋತ್ಸವಕ್ಕೆ ಒಂದೇ ವೀಸಾದಲ್ಲಿ ನಾಲ್ಕು ದೇಶ

ಮದುವೆಯಾಗಿ ಹತ್ತೋ ಇಪ್ಪತ್ತೈದೋ ವರ್ಷ ತುಂಬಿದಾಗ ಇಬ್ಬರೇ ಹೊರದೇಶಕ್ಕೆ ಹೋಗಿ ಬರಬೇಕು ಅನ್ನುವ ಆಸೆ ಈಗ ನಮ್ಮ ಕಡೆಯೂ ಹೊಸದೇನಲ್ಲ. ಪಿ.ಜೆ. ಬಡಾವಣೆಯ ಡಾಕ್ಟರ್ ದಂಪತಿಯಿಂದ ಹಿಡಿದು ಚನ್ನಗಿರಿಯ ಅಡಿಕೆ ತೋಟದವರವರೆಗೆ ಎಲ್ಲರೂ ವಿಚಾರಿಸುತ್ತಾರೆ. ವಿಚಾರಿಸಿದ ಮೇಲೆ ಹೆಚ್ಚಿನವರು ಗ್ರೂಪ್ ಟೂರಿಗೆ ದುಡ್ಡು ಕಟ್ಟಿ ಕೈ ತೊಳೆದುಕೊಳ್ಳುತ್ತಾರೆ. ಅದು ತಪ್ಪಲ್ಲ. ಊಟದ ಚಿಂತೆ ಇಲ್ಲ, ಕಾಗದದ ತಲೆನೋವು ಕಡಿಮೆ. ಆದರೆ ಬೆಳಿಗ್ಗೆ ಆರಕ್ಕೆ ಎದ್ದು ಬಸ್ ಹತ್ತಿ, ನಲವತ್ತು ಜನರ ಜೊತೆ ದಿನಕ್ಕೊಂದು ಊರು ಸುತ್ತುವುದು ವಾರ್ಷಿಕೋತ್ಸವ ಹೇಗಾಗುತ್ತದೆ? ಇಬ್ಬರೇ ಹೋಗುವ ಪ್ರವಾಸವನ್ನು ಇಬ್ಬರೇ ಯೋಜಿಸಬಹುದು. ಕಷ್ಟದ ಕೆಲಸವೇನಲ್ಲ, ಕ್ರಮ ತಪ್ಪಬಾರದು ಅಷ್ಟೇ.

ಇಲ್ಲಿ ನಾನು ಹೇಳುತ್ತಿರುವ ದಾರಿ ಮಧ್ಯ ಯುರೋಪಿನದು. ಚೆಕ್ ದೇಶದ ಪ್ರಾಗ್, ಆಸ್ಟ್ರಿಯಾದ ವಿಯೆನ್ನಾ, ಸ್ಲೊವಾಕಿಯಾದ ಬ್ರಾಟಿಸ್ಲಾವಾ, ಹಂಗೇರಿಯ ಬುಡಾಪೆಸ್ಟ್. ನಾಲ್ಕೂ ರಾಜಧಾನಿಗಳು, ನಾಲ್ಕೂ ಒಂದೇ ರೈಲು ಸಾಲಿನಲ್ಲಿವೆ. ಪ್ಯಾರಿಸ್, ಸ್ವಿಟ್ಜರ್ಲೆಂಡಿಗಿಂತ ಇಲ್ಲಿ ರೂಮು, ಊಟದ ಖರ್ಚು ಕಡಿಮೆ. ವಿಯೆನ್ನಾ ಮಾತ್ರ ಸ್ವಲ್ಪ ದುಬಾರಿ. ಮುಖ್ಯವಾಗಿ, ಪ್ರತಿ ದೇಶಕ್ಕೂ ಬೇರೆ ವೀಸಾ ಬೇಕಿಲ್ಲ. ಈ ನಾಲ್ಕೂ 29 ದೇಶಗಳ ಷೆಂಗೆನ್ ಕೂಟದಲ್ಲಿವೆ. ಒಂದು ವೀಸಾ ಸಿಕ್ಕರೆ ಸಾಕು.

ಮೊದಲ ಕೆಲಸ: ರಾತ್ರಿಗಳ ಪಟ್ಟಿ

ವಿಮಾನದ ಟಿಕೆಟ್ ದರ ನೋಡುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಯಾವ ತಾರೀಖಿನ ರಾತ್ರಿ ಯಾವ ಊರಲ್ಲಿ ಮಲಗುತ್ತೀರಿ ಅನ್ನುವುದನ್ನು ಬರೆಯಿರಿ. ವೀಸಾ, ಹೋಟೆಲ್, ಇನ್ಶೂರೆನ್ಸ್, ರೈಲು, ಕೊನೆಗೆ ದುಡ್ಡಿನ ಲೆಕ್ಕ ಕೂಡ ಈ ಹಾಳೆಯಿಂದಲೇ ಹೊರಡುತ್ತದೆ. ಹತ್ತು ರಾತ್ರಿಗೆ ನಾನು ಹಾಕಿಕೊಡುವ ಪಟ್ಟಿ ಹೀಗಿರುತ್ತದೆ:

ಪ್ರಾಗ್: 3 ರಾತ್ರಿ
ವಿಯೆನ್ನಾ: 4 ರಾತ್ರಿ (ಇದರಲ್ಲೇ ಒಂದು ಹಗಲು ಬ್ರಾಟಿಸ್ಲಾವಾಕ್ಕೆ ಹೋಗಿ ಸಂಜೆ ವಾಪಸ್)
ಬುಡಾಪೆಸ್ಟ್: 3 ರಾತ್ರಿ

ವಿಯೆನ್ನಾದಿಂದ ಬ್ರಾಟಿಸ್ಲಾವಾ ಸುಮಾರು 60 ಕಿಲೋಮೀಟರ್. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗಿ ಬಂದ ಹಾಗೆ. ಅಲ್ಲಿಗೆ ಪೆಟ್ಟಿಗೆ ಹೊತ್ತುಕೊಂಡು ಹೋಗಿ ರೂಮು ಮಾಡುವ ಅಗತ್ಯವಿಲ್ಲ.

ರಾತ್ರಿಗಳನ್ನು ಯಾಕೆ ಎಣಿಸಬೇಕು ಅಂದರೆ, ಯಾವ ದೇಶದ ವೀಸಾಕ್ಕೆ ಅರ್ಜಿ ಹಾಕಬೇಕು ಅನ್ನುವುದನ್ನು ಅದೇ ತೀರ್ಮಾನಿಸುತ್ತದೆ. ಹೆಚ್ಚು ದಿನ ಉಳಿಯುವ ದೇಶಕ್ಕೆ ಅರ್ಜಿ ಹಾಕಬೇಕು ಅನ್ನುವುದು ನಿಯಮ. ಮೇಲಿನ ಪಟ್ಟಿಯಲ್ಲಿ ಅದು ಆಸ್ಟ್ರಿಯಾ. ಎರಡು ದೇಶಗಳಲ್ಲಿ ಸಮ ಸಮ ದಿನ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ. ಅಂದರೆ ಪ್ರಾಗ್‌ಗೆ ಇನ್ನೊಂದು ರಾತ್ರಿ ಸೇರಿಸಿ ನಾಲ್ಕು ನಾಲ್ಕು ಮಾಡಿದರೆ ಅರ್ಜಿ ಚೆಕ್ ದೇಶದ ಪಾಲಾಗುತ್ತದೆ. ಹಾಗಾಗಿ ಪಟ್ಟಿಯನ್ನು ಅರ್ಜಿಗೆ ಮೊದಲು ಎಷ್ಟು ಸಲ ಬೇಕಾದರೂ ತಿದ್ದಿ. ಅರ್ಜಿ ಕೊಟ್ಟ ಮೇಲೆ ಕೈ ಹಾಕಬೇಡಿ. ಇಂಥ ದೇಶದ ವೀಸಾ ಬೇಗ ಸಿಗುತ್ತೆ ಅಂತ ಯಾರೋ ಹೇಳಿದರು ಎಂದು ಸುಳ್ಳು ಹೋಟೆಲ್ ಬುಕಿಂಗ್ ತೋರಿಸುವವರಿದ್ದಾರೆ. ಆ ದಾರಿ ಬೇಡ.

ಒಂದು ಎಚ್ಚರಿಕೆ. ಒಂದೇ ಸಲ ಪ್ರವೇಶದ ವೀಸಾ ಕೊಟ್ಟರೂ ಈ ನಾಲ್ಕು ದೇಶಗಳ ನಡುವೆ ಓಡಾಡಲು ತೊಂದರೆ ಇಲ್ಲ. ಆದರೆ ಬುಡಾಪೆಸ್ಟಿನಿಂದ ಪಕ್ಕದ ಸರ್ಬಿಯಾಕ್ಕೆ ಒಂದು ಸುತ್ತು ಹೋಗಿ ಬರೋಣ ಅಂದುಕೊಂಡರೆ ಸಿಕ್ಕಿಬೀಳುತ್ತೀರಿ. ಸರ್ಬಿಯಾ ಷೆಂಗೆನ್ ಕೂಟದಲ್ಲಿಲ್ಲ. ಅಲ್ಲಿಗೆ ಹೋದರೆ ಹೊರಗೆ ಹೋದಂತೆ ಲೆಕ್ಕ, ವಾಪಸ್ ಬರಲು ಆಗುವುದಿಲ್ಲ.

ಯಾವಾಗ ಹೋಗಬೇಕು? ಮೇ ಮತ್ತು ಸೆಪ್ಟೆಂಬರ್ ಚೆನ್ನ. ಹಗಲು ತಂಪು, ಒಂದು ಸ್ವೆಟರ್ ಸಾಕು, ಮೇ ತಿಂಗಳಲ್ಲಿ ರಾತ್ರಿ ಎಂಟರವರೆಗೂ ಬೆಳಕು. ನಮ್ಮಲ್ಲಿ ಬಹಳ ಮದುವೆಗಳು ಬೇಸಿಗೆಯಲ್ಲೇ ಆಗಿರುವುದರಿಂದ ತಾರೀಖು ತಾನಾಗಿ ಕೂಡಿಬರುತ್ತದೆ. ನಿಮ್ಮದು ಜನವರಿಯ ಮದುವೆಯೇ? ಅಲ್ಲಿ ಆಗ ಸೊನ್ನೆಯ ಕೆಳಗಿನ ಚಳಿ, ಸಂಜೆ ನಾಲ್ಕೂವರೆಗೇ ಕತ್ತಲು. ಕ್ರಿಸ್ಮಸ್ ಸಂತೆಗಳನ್ನು ನೋಡುವ ಆಸೆ ಇದ್ದರೆ ಡಿಸೆಂಬರ್ ಸರಿ, ಇಲ್ಲವಾದರೆ ಆಚರಣೆಯನ್ನು ಮೇ ತಿಂಗಳಿಗೆ ತಳ್ಳಿ. ಹೆಂಡತಿ ಒಪ್ಪಿದರೆ ಯಾವ ಪಂಚಾಂಗದ ತಕರಾರೂ ಇಲ್ಲ.

ಪಾಸ್‌ಪೋರ್ಟ್, ಹೆಸರು, ಲಗ್ನಪತ್ರಿಕೆ

ಪ್ರಯಾಣಕ್ಕೆ ಆರೇಳು ತಿಂಗಳು ಇರುವಾಗಲೇ ಪಾಸ್‌ಪೋರ್ಟ್ ತೆಗೆದು ನೋಡಿ. ಮೂರು ವಿಷಯ ಬೇಕು. ಅದು ಕಳೆದ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು. ಯುರೋಪಿನಿಂದ ಹೊರಡುವ ದಿನದಿಂದ ಮುಂದೆ ಕನಿಷ್ಠ 3 ತಿಂಗಳು ಅವಧಿ ಇರಬೇಕು. ಎರಡು ಪುಟ ಖಾಲಿ ಇರಬೇಕು. ಹೊಸದು ಮಾಡಿಸುವುದಾದರೆ ಬೆಂಗಳೂರು, ಹುಬ್ಬಳ್ಳಿ ಅಂತ ಅಲೆಯಬೇಕಿಲ್ಲ. ಅಪಾಯಿಂಟ್‌ಮೆಂಟ್ ಹಾಕುವಾಗ ದಾವಣಗೆರೆಯ ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರವನ್ನೇ ಆರಿಸಿಕೊಳ್ಳಿ. 36 ಪುಟದ ಪಾಸ್‌ಪೋರ್ಟಿಗೆ ₹1,500 ಶುಲ್ಕ, ತತ್ಕಾಲ್ ಆದರೆ ₹2,000 ಹೆಚ್ಚು. ಪೊಲೀಸ್ ವೆರಿಫಿಕೇಶನ್ ಬಂದಾಗ ಇಬ್ಬರೂ ಊರಲ್ಲಿರಿ.

ನಮ್ಮ ಕಡೆಯವರಿಗೆ ಹೆಚ್ಚು ಕಾಟ ಕೊಡುವುದು ಹೆಸರು. ನಮ್ಮಲ್ಲಿ ಅಡ್ಡಹೆಸರು ಬರೆಯುವ ಪದ್ಧತಿ ಎಲ್ಲರಿಗೂ ಇಲ್ಲ, ಇನಿಷಿಯಲ್ ಇದ್ದರೆ ಮುಗಿಯಿತು. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಎಷ್ಟೋ ಜನ ಸರ್‌ನೇಮ್ ಜಾಗ ಖಾಲಿ ಬಿಟ್ಟಿರುತ್ತಾರೆ. ಆಮೇಲೆ ವಿಮಾನದ ಟಿಕೆಟ್ ಬುಕ್ ಮಾಡುವಾಗ ಆ ಜಾಗ ತುಂಬದೆ ಮುಂದಕ್ಕೆ ಹೋಗುವುದೇ ಇಲ್ಲ. ಕೆಲವು ಏರ್‌ಲೈನ್ಸ್ ಇದ್ದ ಒಂದೇ ಹೆಸರನ್ನು ಎರಡು ಸಲ ಬರೆಯಿರಿ ಅನ್ನುತ್ತವೆ, ಕೆಲವು ಬೇರೆ ರೀತಿ ಹೇಳುತ್ತವೆ. ಊಹೆ ಮಾಡಿ ತುಂಬಬೇಡಿ, ಆ ಏರ್‌ಲೈನ್ಸಿಗೇ ಕೇಳಿ. ಹೊಸ ಪಾಸ್‌ಪೋರ್ಟ್ ಮಾಡಿಸುವವರು ಈಗಲೇ ಹೆಸರನ್ನು ಎರಡು ಭಾಗ ಮಾಡಿಕೊಂಡರೆ ಜೀವನಪೂರ್ತಿ ನೆಮ್ಮದಿ. ಆಧಾರ್, ಪ್ಯಾನ್, ಪಾಸ್‌ಪೋರ್ಟ್ ಮೂರರಲ್ಲೂ ಕಾಗುಣಿತ ಒಂದೇ ಇರಲಿ. ಒಂದರಲ್ಲಿ ಗಂಡನ ಹೆಸರು, ಇನ್ನೊಂದರಲ್ಲಿ ತಂದೆಯ ಹೆಸರು ಸೇರಿಕೊಂಡಿದ್ದರೆ ಮೊದಲು ಅದನ್ನು ಸರಿಮಾಡಿಸಿ.

ಇನ್ನು ಮದುವೆಯ ದಾಖಲೆ. ಮನೆಯವರು ಗೃಹಿಣಿಯಾಗಿದ್ದು ಖರ್ಚೆಲ್ಲ ಗಂಡನ ಖಾತೆಯಿಂದ ಅಂತ ತೋರಿಸುವಾಗ, ಇವರಿಬ್ಬರೂ ಗಂಡ ಹೆಂಡತಿ ಅನ್ನುವುದಕ್ಕೆ ಕಾಗದ ಬೇಕಾಗುತ್ತದೆ. ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಒಬ್ಬರದರಲ್ಲಿ ಇನ್ನೊಬ್ಬರ ಹೆಸರಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಮದುವೆ ನೋಂದಣಿ ಪತ್ರ. ಇಪ್ಪತ್ತೈದು ವರ್ಷದ ಹಿಂದೆ ಮದುವೆಯಾದವರಲ್ಲಿ ಬಹಳ ಜನ ನೋಂದಣಿ ಮಾಡಿಸಿಯೇ ಇಲ್ಲ. ಈಗಲೂ ಮಾಡಿಸಬಹುದು. ಕಾವೇರಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು, ಇಲ್ಲವೇ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಬಹುದು. ಆಧಾರ್, ಮದುವೆಯ ಫೋಟೊ, ಸಾಕ್ಷಿಗಳು, ಜೊತೆಗೆ ಲಗ್ನಪತ್ರಿಕೆ ಕೇಳುತ್ತಾರೆ. ಅಟ್ಟದ ಮೇಲಿನ ಟ್ರಂಕು ಇಳಿಸಿ ಹಳೆಯ ಲಗ್ನಪತ್ರಿಕೆ ಹುಡುಕುವುದೇ ಈ ಪ್ರವಾಸದ ಮೊದಲ ಕಾರ್ಯಕ್ರಮ ಅಂತ ಇಟ್ಟುಕೊಳ್ಳಿ.

ವೀಸಾ

ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕಿಂತ 6 ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ತಡ ಅಂದರೆ 15 ದಿನ ಮೊದಲು. ಆದರೆ ಕೊನೆಯ ಗಡುವಿಗೆ ಕಾಯುವುದು ಹುಡುಗಾಟ. ಮೇ, ಜೂನ್ ಪ್ರಯಾಣಕ್ಕೆ ಇಡೀ ದೇಶವೇ ಅರ್ಜಿ ಹಾಕುತ್ತಿರುತ್ತದೆ, ಅಪಾಯಿಂಟ್‌ಮೆಂಟ್ ಸ್ಲಾಟ್ ಸಿಗುವುದೇ ಕಷ್ಟ. ಮೇ ತಿಂಗಳ ಪ್ರವಾಸಕ್ಕೆ ಜನವರಿಯಲ್ಲೇ ಸ್ಲಾಟ್ ಹುಡುಕಿ. ಕಾಗದ ಕೊಟ್ಟ ಮೇಲೆ ಸಾಮಾನ್ಯವಾಗಿ 15 ದಿನದಲ್ಲಿ ತೀರ್ಮಾನ ಬರುತ್ತದೆ. ಇನ್ನೂ ಪರಿಶೀಲನೆ ಬೇಕೆನಿಸಿದರೆ 45 ದಿನದವರೆಗೂ ಹೋಗಬಹುದು. ಶುಲ್ಕ ಒಬ್ಬರಿಗೆ 90 ಯೂರೊ, ಇಬ್ಬರಿಗೆ 180. ಅದರ ಮೇಲೆ ವೀಸಾ ಕೇಂದ್ರದ ಸೇವಾ ಶುಲ್ಕ. ವೀಸಾ ಸಿಗದಿದ್ದರೂ ಈ ದುಡ್ಡು ವಾಪಸ್ ಬರುವುದಿಲ್ಲ.

ಅರ್ಜಿ ಗಂಡನಿಗೊಂದು, ಹೆಂಡತಿಗೊಂದು. ಬೆರಳಚ್ಚು ಕೊಡಬೇಕಾದ್ದರಿಂದ ಇಬ್ಬರೂ ಬೆಂಗಳೂರಿಗೆ ಹೋಗಬೇಕು. ಮೊದಲೊಮ್ಮೆ ಷೆಂಗೆನ್ ವೀಸಾಕ್ಕೆ ಬೆರಳಚ್ಚು ಕೊಟ್ಟು 59 ತಿಂಗಳು ಆಗಿಲ್ಲದಿದ್ದರೆ ಮತ್ತೆ ಕೊಡುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಬೆಳಗಿನ ಸ್ಲಾಟ್ ಆದರೆ ಹಿಂದಿನ ದಿನವೇ ಹೋಗಿ ಉಳಿದುಕೊಳ್ಳಿ. ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಹೋಗಿ ಫೈಲಿನಲ್ಲಿ ಕಾಗದ ತಡಕಾಡುವುದು ಬೇಡ. ಫೋಟೊ 35 × 45 ಮಿಲಿಮೀಟರ್, ಬಿಳಿ ಹಿನ್ನೆಲೆ, ಆರು ತಿಂಗಳೊಳಗಿನದು. ಸ್ಟುಡಿಯೋದಲ್ಲಿ ಷೆಂಗೆನ್ ವೀಸಾಕ್ಕೆ ಅಂತಲೇ ಹೇಳಿ. ಮುಖ ಬೆಳ್ಳಗೆ ಮಾಡಿ ಕೊಡುವ ಉತ್ಸಾಹ ತೋರಿಸಿದರೆ ತಡೆಯಿರಿ.

ಫೈಲಿನಲ್ಲಿ ಇರಬೇಕಾದದ್ದು: ಸಹಿ ಮಾಡಿದ ಅರ್ಜಿ, ಪಾಸ್‌ಪೋರ್ಟ್ ಮತ್ತು ಹಳೆಯ ಪಾಸ್‌ಪೋರ್ಟ್‌ಗಳು, ಹೋಗಿ ಬರುವ ವಿಮಾನದ ಬುಕಿಂಗ್, ಎಲ್ಲ ರಾತ್ರಿಗಳ ಹೋಟೆಲ್ ಬುಕಿಂಗ್, ಟ್ರಾವೆಲ್ ಇನ್ಶೂರೆನ್ಸ್, ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್, ಕೆಲಸದ ದಾಖಲೆ, ಒಂದು ಪುಟದ ಪತ್ರ. ನೀವು ಅರ್ಜಿ ಹಾಕುವ ದೇಶದ ಚೆಕ್‌ಲಿಸ್ಟ್ ಇಳಿಸಿಕೊಂಡು ಅದೇ ಕ್ರಮದಲ್ಲಿ ಜೋಡಿಸಿ.

ಇದರಲ್ಲಿ ಜನ ಎಡವುವುದು ದುಡ್ಡಿನ ಕಾಗದದಲ್ಲಿ. ಸಂಬಳದವರಿಗೆ ಸುಲಭ: ಸಂಬಳದ ಚೀಟಿ, ರಜೆ ಮಂಜೂರಾದ ಪತ್ರ. ಅಂಗಡಿ, ಮಿಲ್ಲು ಇದ್ದವರು ಜಿಎಸ್‌ಟಿ ನೋಂದಣಿ, ಉದ್ಯಮ್ ಪತ್ರ, ವ್ಯವಹಾರದ ಖಾತೆಯ ಸ್ಟೇಟ್‌ಮೆಂಟ್ ಕೊಡಬೇಕು. ರೈತರ ವಿಷಯ ಬೇರೆ. ಅಡಿಕೆ ಮಾರಿದ ದುಡ್ಡು ವರ್ಷಕ್ಕೆ ಒಂದೆರಡು ಸಲ ಒಟ್ಟಿಗೆ ಖಾತೆಗೆ ಬೀಳುತ್ತದೆ. ಉಳಿದ ತಿಂಗಳು ಖಾತೆ ಸುಮ್ನೆ ಇರುತ್ತದೆ. ಅದನ್ನು ನೋಡಿದ ವೀಸಾ ಅಧಿಕಾರಿಗೆ ಯಾರೋ ಸಾಲ ತಂದು ತೋರಿಸಿದ್ದಾರೆ ಅನ್ನಿಸಬಹುದು. ಹಾಗಾಗಿ ಪಹಣಿ, ಮಂಡಿಯ ಬಿಲ್ಲು ಜೊತೆಗಿಟ್ಟು, ಇಂಥ ತಾರೀಖಿನ ಜಮೆ ಇಂಥ ಬೆಳೆ ಮಾರಿದ್ದು ಅಂತ ಪತ್ರದಲ್ಲಿ ಒಂದು ಸಾಲು ಬರೆಯಿರಿ. ಕನ್ನಡದ ದಾಖಲೆಗೆ ಇಂಗ್ಲಿಷ್ ಅನುವಾದ ಬೇಕು. ತಮ್ಮನ ಖಾತೆಯಿಂದ ಎರಡು ಲಕ್ಷ ಹಾಕಿಸಿಕೊಂಡು ವೀಸಾ ಬಂದ ಮೇಲೆ ವಾಪಸ್ ಕೊಡುವ ಹಳೆಯ ಉಪಾಯ ಉಪಕಾರಕ್ಕಿಂತ ಅಪಕಾರವೇ ಜಾಸ್ತಿ ಮಾಡುತ್ತದೆ. ಬ್ಯಾಂಕಿನ ಸೀಲು, ಸಹಿ ಇರುವ ಸ್ಟೇಟ್‌ಮೆಂಟನ್ನೇ ತೆಗೆದುಕೊಳ್ಳಿ.

ಪತ್ರ ಬರೆಯುವಾಗ ಕಥೆ ಬೇಡ. ನಾವು ಯಾರು, ಮದುವೆಯಾಗಿ ಎಷ್ಟು ವರ್ಷ, ಯಾವ ತಾರೀಖು ಯಾವ ಊರು, ಖರ್ಚು ಯಾರದು, ಊರಲ್ಲಿ ನಮಗಾಗಿ ಏನು ಕಾದಿದೆ. ಕೊನೆಯದು ಬಹಳ ಮುಖ್ಯ. ಮಕ್ಕಳ ಓದು, ಜಮೀನು, ಕೆಲಸ, ಅಂಗಡಿ, ಏನಿದೆಯೋ ಅದು. ನೀವು ವಾಪಸ್ ಬರುತ್ತೀರಿ ಎಂದು ಅವರಿಗೆ ನಂಬಿಕೆ ಬರಬೇಕು.

ಇನ್ಶೂರೆನ್ಸ್ ಕನಿಷ್ಠ 30,000 ಯೂರೊ ಚಿಕಿತ್ಸಾ ವೆಚ್ಚಕ್ಕೆ ಇರಬೇಕು, ಷೆಂಗೆನ್ ದೇಶಗಳಿಗೆಲ್ಲ ಅನ್ವಯಿಸಬೇಕು. ಪಟ್ಟಿಯ ದಿನಗಳಿಗಿಂತ ಎರಡು ದಿನ ಹೆಚ್ಚಿಗೆ ತೆಗೆದುಕೊಳ್ಳಿ. ಬಿಪಿ, ಶುಗರ್ ಇದ್ದವರು ಮುಚ್ಚಿಡಬಾರದು. ಮೊದಲೇ ಇರುವ ಕಾಯಿಲೆಗೆ ಪಾಲಿಸಿ ಎಷ್ಟು ಕೊಡುತ್ತದೆ ಅಂತ ಓದಿ ನೋಡಿ. ವಿಮಾನದ ಟಿಕೆಟ್ಟನ್ನು ವೀಸಾಕ್ಕೆ ಮೊದಲೇ ಪೂರ್ತಿ ದುಡ್ಡು ಕೊಟ್ಟು ಕೊಳ್ಳಬೇಕೆಂಬ ನಿಯಮವಿಲ್ಲ, ರಿಸರ್ವೇಶನ್ ಸಾಕು. ಹೋಟೆಲ್‌ಗಳನ್ನು ರದ್ದು ಮಾಡಿದರೆ ದುಡ್ಡು ವಾಪಸ್ ಬರುವ ಷರತ್ತಿನಲ್ಲೇ ಬುಕ್ ಮಾಡಿ.

ವೀಸಾ ಕೈಗೆ ಬಂದ ಕೂಡಲೇ ಹೆಸರು, ತಾರೀಖು, ಎಷ್ಟು ದಿನ ಅನ್ನುವುದನ್ನು ಓದಿ. ಒಂದಕ್ಷರ ತಪ್ಪಿದ್ದರೂ ಅಂದೇ ಕೇಳಿ. 2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಯಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಫೋಟೊ, ಬೆರಳಚ್ಚು ದಾಖಲಿಸುವ ಹೊಸ ವ್ಯವಸ್ಥೆ ಹಂತ ಹಂತವಾಗಿ ಶುರುವಾಗಿದೆ. ಇದಕ್ಕೆ ನೀವು ಮುಂಚೆ ಏನೂ ಮಾಡಬೇಕಿಲ್ಲ, ದುಡ್ಡೂ ಇಲ್ಲ. ಇಳಿದಾಗ ಸಾಲು ಉದ್ದ ಇರಬಹುದು ಅಂತ ಗೊತ್ತಿದ್ದರೆ ಸಾಕು.

ವಿಮಾನ ಮತ್ತು ಬೆಂಗಳೂರಿನ ದಾರಿ

ಒಂದು ಊರಲ್ಲಿ ಇಳಿದು ಇನ್ನೊಂದು ಊರಿನಿಂದ ಹತ್ತುವ ಟಿಕೆಟ್ ತೆಗೆದುಕೊಳ್ಳಿ. ಬುಕಿಂಗ್ ಮಾಡುವಾಗ ರೌಂಡ್ ಟ್ರಿಪ್ ಬಿಟ್ಟು ಮಲ್ಟಿ ಸಿಟಿ ಒತ್ತಿದರೆ ಬರುತ್ತದೆ. ಬೆಂಗಳೂರಿನಿಂದ ಪ್ರಾಗ್, ಬುಡಾಪೆಸ್ಟಿನಿಂದ ಬೆಂಗಳೂರು. ಇದಕ್ಕೆ ಸಾಮಾನ್ಯವಾಗಿ ಹೆಚ್ಚು ದುಡ್ಡೇನೂ ಬೀಳುವುದಿಲ್ಲ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಬುಡಾಪೆಸ್ಟಿನಿಂದ ಮತ್ತೆ ಪ್ರಾಗ್‌ಗೆ ಬಂದು ವಿಮಾನ ಹತ್ತುವುದಾದರೆ ಒಂದು ಹಗಲು ಸುಮ್ನೆ ರೈಲಿನಲ್ಲಿ ಕಳೆಯುತ್ತದೆ. ದುಬೈ, ದೋಹಾ ಮೂಲಕ ಹೋಗುವ ವಿಮಾನಗಳು ಈ ಊರುಗಳಿಗೆಲ್ಲ ಇವೆ. ಒಂದೇ ಟಿಕೆಟ್‌ನಲ್ಲಿ ಎರಡೂ ಹಾರಾಟ ಇರಲಿ. ಬೇರೆ ಬೇರೆ ಕೊಂಡು ಮೊದಲನೆಯದು ತಡವಾದರೆ ಎರಡನೆಯದರ ದುಡ್ಡು ಹೋದಂತೆಯೇ.

ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್. ಕಾರಿನಲ್ಲಿ ಹೋಗುವವರು ನೆಲಮಂಗಲ, ಹೆಬ್ಬಾಳ ಅಂತ ಊರೊಳಗೆ ನುಗ್ಗಬೇಡಿ. ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಹೋದರೆ ಸಿಟಿ ಟ್ರಾಫಿಕ್ ಕಾಟ ಇಲ್ಲ. ರೈಲಿನಲ್ಲಿ ಹೋದರೆ ಬೆಂಗಳೂರಿನಲ್ಲಿ ಇಳಿದು ಏರ್‌ಪೋರ್ಟ್ ಬಸ್ ಹಿಡಿಯಬೇಕು, ಆ ಸಮಯವನ್ನೂ ಲೆಕ್ಕಕ್ಕೆ ಸೇರಿಸಿ. ಹೊರದೇಶದ ವಿಮಾನಗಳು ಟರ್ಮಿನಲ್ 2ರಿಂದ ಹೊರಡುತ್ತವೆ. ಮೂರೂವರೆ ಗಂಟೆ ಮುಂಚೆ ಅಲ್ಲಿರಿ.

ರೈಲು: ಈ ಪ್ರವಾಸದ ನಿಜವಾದ ಸುಖ

ಪ್ರಾಗ್‌ನಿಂದ ವಿಯೆನ್ನಾಕ್ಕೆ ಸುಮಾರು 4 ಗಂಟೆ. ವಿಯೆನ್ನಾದಿಂದ ಬ್ರಾಟಿಸ್ಲಾವಾಕ್ಕೆ ಸುಮಾರು 1 ಗಂಟೆ. ವಿಯೆನ್ನಾದಿಂದ ಬುಡಾಪೆಸ್ಟಿಗೆ ಸುಮಾರು 2 ಗಂಟೆ 40 ನಿಮಿಷ. ಇಷ್ಟು ಹತ್ತಿರದ ಊರುಗಳಿಗೆ ವಿಮಾನ ಹತ್ತುವುದು ಮೂರ್ಖತನ. ಆಸ್ಟ್ರಿಯಾದ ಓಬಿಬಿ (ÖBB ಅಂತ ಬರೆಯುತ್ತಾರೆ), ಚೆಕ್ ದೇಶದ ಚೆಸ್ಕೆ ದ್ರಾಹಿ, ರೆಜಿಯೊಜೆಟ್ ಈ ರೈಲು ಕಂಪನಿಗಳ ಆ್ಯಪ್‌ನಲ್ಲೇ ಟಿಕೆಟ್ ಸಿಗುತ್ತದೆ. ಒಂದೆರಡು ತಿಂಗಳು ಮೊದಲೇ ಕೊಂಡರೆ ಬಹಳ ಅಗ್ಗ. ಆದರೆ ಅಗ್ಗದ ಟಿಕೆಟ್ ಅದೇ ರೈಲಿಗೆ ಮಾತ್ರ ನಡೆಯುತ್ತದೆ, ತಪ್ಪಿದರೆ ಹೋಯಿತು. ಹಾಗಾಗಿ ಬೆಳಗಿನ ಜಾವದ ರೈಲು ಬೇಡ, ಹತ್ತು ಗಂಟೆಯ ನಂತರದ್ದು ಇರಲಿ. ಟಿಕೆಟ್ ಬೇರೆ, ಸೀಟ್ ರಿಸರ್ವೇಶನ್ ಬೇರೆ ಅನ್ನುವುದೂ ಗೊತ್ತಿರಲಿ. ಟಿಕೆಟ್ ಇದ್ದೂ ನಿಂತುಕೊಂಡು ಹೋಗಬೇಕಾಗಬಹುದು. ಕೆಲವು ಯೂರೊ ಹೆಚ್ಚು ಕೊಟ್ಟು ಅಕ್ಕಪಕ್ಕದ ಸೀಟು ಹಿಡಿದುಕೊಳ್ಳಿ.

ಗಡಿ ದಾಟಿದ್ದು ಗೊತ್ತೂ ಆಗುವುದಿಲ್ಲ, ಮೊಬೈಲಿಗೆ ಮೆಸೇಜ್ ಬಂದಾಗಲೇ ತಿಳಿಯುತ್ತದೆ. ಆದರೂ ಕೆಲವೊಮ್ಮೆ ಪೊಲೀಸರು ರೈಲಿನೊಳಗೆ ಪಾಸ್‌ಪೋರ್ಟ್ ನೋಡುತ್ತಾರೆ. ದೊಡ್ಡ ಪೆಟ್ಟಿಗೆಯೊಳಗೆ ಇಡಬೇಡಿ, ಬ್ರಾಟಿಸ್ಲಾವಾಕ್ಕೆ ಹೋಗುವ ದಿನವೂ ರೂಮಿನಲ್ಲಿ ಬಿಡಬೇಡಿ.

ಊರೊಳಗಿನ ಟ್ರಾಮ್, ಮೆಟ್ರೊಗಳಲ್ಲಿ ಒಂದು ವಿಚಿತ್ರವಿದೆ. ಪ್ರಾಗ್, ವಿಯೆನ್ನಾ ಮೆಟ್ರೊದಲ್ಲಿ ನಮ್ಮ ಬೆಂಗಳೂರಿನ ಹಾಗೆ ಗೇಟು ಇಲ್ಲ, ಸೀದಾ ಹೋಗಬಹುದು. ಹಾಗಂತ ಪುಕ್ಕಟೆಯಲ್ಲ. ಕಾಗದದ ಟಿಕೆಟ್ ಕೊಂಡರೆ ಹತ್ತುವಾಗ ಯಂತ್ರಕ್ಕೆ ತೂರಿಸಿ ತಾರೀಖು ಒತ್ತಿಸಬೇಕು. ಒತ್ತಿಸದ ಟಿಕೆಟ್ ಇಲ್ಲದಂತೆಯೇ ಲೆಕ್ಕ. ಮಫ್ತಿಯಲ್ಲಿ ಬರುವ ಚೆಕಿಂಗ್‌ನವರ ಮುಂದೆ ಗೊತ್ತಿರಲಿಲ್ಲ ಅನ್ನುವ ಮಾತು ನಡೆಯುವುದಿಲ್ಲ, ದಂಡ ಕಟ್ಟಲೇಬೇಕು. ಎರಡು ಮೂರು ದಿನದ ಪಾಸ್ ಕೊಂಡರೆ ಈ ರಗಳೆ ಒಂದೇ ಸಲಕ್ಕೆ ಮುಗಿಯುತ್ತದೆ.

ದುಡ್ಡು

ಆಸ್ಟ್ರಿಯಾ, ಸ್ಲೊವಾಕಿಯಾದಲ್ಲಿ ಯೂರೊ. ಚೆಕ್ ದೇಶದಲ್ಲಿ ಕೊರುನಾ, ಹಂಗೇರಿಯಲ್ಲಿ ಫೊರಿಂಟ್. ಮೂರೂ ನೋಟುಗಳನ್ನು ಊರಿಂದ ಹೊತ್ತುಕೊಂಡು ಹೋಗಬೇಕಿಲ್ಲ. ಯೂರೊ ತುಂಬಿದ ಫೊರೆಕ್ಸ್ ಕಾರ್ಡ್ ಒಂದು, ತುರ್ತಿಗೆ ಇನ್ನೊಂದು ಬ್ಯಾಂಕಿನ ಕಾರ್ಡ್, ಕೈಯಲ್ಲಿ ಒಂದಿನ್ನೂರು ಮುನ್ನೂರು ಯೂರೊ ನೋಟು. ಎರಡು ಕಾರ್ಡೂ ಒಬ್ಬರ ಪರ್ಸಿನಲ್ಲೇ ಇರಬಾರದು. ನಮ್ಮ ಸಾಮಾನ್ಯ ಕ್ರೆಡಿಟ್ ಕಾರ್ಡ್‌ಗಳು ಹೊರದೇಶದ ಖರ್ಚಿಗೆ ಮೂರು ಮೂರೂವರೆ ಶೇಕಡಾ ಹೆಚ್ಚು ಹಾಕುತ್ತವೆ. ಹೊರಡುವ ಮೊದಲು ಬ್ಯಾಂಕ್ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆ ಆನ್ ಮಾಡಿ. ಓಟಿಪಿ ಬರಲು ನಿಮ್ಮ ಸಿಮ್‌ನಲ್ಲಿ ರೋಮಿಂಗ್ ಇರಲಿ. ಇಂಟರ್ನೆಟ್ಟಿಗೆ ಯುರೋಪಿನ ಇ-ಸಿಮ್ ಒಂದು ಹಾಕಿಕೊಂಡರೆ ನಾಲ್ಕೂ ದೇಶಕ್ಕೆ ಅದೇ ಸಾಕು.

ಕಾರ್ಡ್ ಉಜ್ಜಿದಾಗ ಯಂತ್ರ ಒಂದು ಪ್ರಶ್ನೆ ಕೇಳುತ್ತದೆ: ರೂಪಾಯಿಯಲ್ಲಿ ಕೊಡುತ್ತೀರೋ, ಆ ದೇಶದ ನಾಣ್ಯದಲ್ಲೋ? ಯಾವಾಗಲೂ ಆ ದೇಶದ ನಾಣ್ಯವನ್ನೇ ಒತ್ತಿ. ರೂಪಾಯಿ ಒತ್ತಿದರೆ ಅವರು ಹೇಳಿದ ದರ, ನಿಮಗೆ ನಷ್ಟ. ಎಟಿಎಂನಲ್ಲೂ ಇದೇ. ಪ್ರವಾಸಿ ಬೀದಿಯ ಮೂಲೆಮೂಲೆಯಲ್ಲಿರುವ ಎಟಿಎಂ ಬಿಟ್ಟು ಬ್ಯಾಂಕ್ ಶಾಖೆಗೆ ಅಂಟಿಕೊಂಡಿರುವ ಎಟಿಎಂ ಹುಡುಕಿ. ಪ್ರಾಗ್‌ನಲ್ಲಿ ನೋಟು ಬದಲಿಸಿ ಮೋಸ ಹೋದೆವು ಅನ್ನಿಸಿದರೆ ಒಂದು ದಾರಿ ಇದೆ. 2019ರಿಂದ ಅಲ್ಲಿನ ಕಾನೂನು 1,000 ಯೂರೊವರೆಗಿನ ವಿನಿಮಯವನ್ನು 3 ಗಂಟೆಯೊಳಗೆ ರದ್ದು ಮಾಡಿಸುವ ಹಕ್ಕು ಕೊಟ್ಟಿದೆ. ರಸೀದಿ ಇಟ್ಟುಕೊಂಡಿರಬೇಕು.

ಟೂರ್ ಕಂಪನಿಯಿಂದ ಪ್ಯಾಕೇಜ್ ಕೊಂಡರೆ ಟಿಸಿಎಸ್ ಅಂತ ತೆರಿಗೆ ಹಿಡಿಯುತ್ತಾರೆ. ದರ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತಿದೆ, ದುಡ್ಡು ಕಟ್ಟುವಾಗ ಕೇಳಿ. ಅದು ನಿಮ್ಮ ಪ್ಯಾನ್ ಲೆಕ್ಕಕ್ಕೆ ಹೋಗುತ್ತದೆ, ರಿಟರ್ನ್ ಹಾಕುವಾಗ ಹೊಂದಿಸಿಕೊಳ್ಳಬಹುದು. ಹಾಗಾಗಿ ರಿಟರ್ನ್ ಹಾಕುವವರ ಪ್ಯಾನ್ ಕೊಡಿ.

ಬೆಣ್ಣೆ ಬೇಡ, ರೊಟ್ಟಿ ಸರಿ

ದಾವಣಗೆರೆಯವರಿಗೆ ಹೇಳಲೇಬೇಕಾದ ಮಾತು: ಭಾರತದಿಂದ ಯುರೋಪಿಯನ್ ಒಕ್ಕೂಟಕ್ಕೆ ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಬೆಣ್ಣೆ, ತುಪ್ಪ, ಪೇಡ ಯಾವುದೂ ಇಲ್ಲ. ಮಾಂಸವೂ ಇಲ್ಲ. ಮಾವಿನಹಣ್ಣೂ ಬೇಡ. ಕಸ್ಟಮ್ಸ್‌ನವರು ಸಿಕ್ಕಿದರೆ ಕಿತ್ತುಕೊಳ್ಳುತ್ತಾರೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಅವಲಕ್ಕಿ ಧಾರಾಳವಾಗಿ ಒಯ್ಯಿರಿ. ಮಂಡಕ್ಕಿಯೂ ನಡೆಯುತ್ತದೆ, ಪೆಟ್ಟಿಗೆಯಲ್ಲಿ ಜಾಗ ತಿನ್ನುತ್ತದೆ ಅಷ್ಟೇ. ಉಪ್ಪಿನಕಾಯಿ ಚೆಕ್-ಇನ್ ಪೆಟ್ಟಿಗೆಯಲ್ಲಿ, ಎರಡೆರಡು ಕವರ್ ಸುತ್ತಿ.

ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ. ಆದರೆ ಕೇಳದೆ ತಿನ್ನಬಾರದು. ಸೂಪ್‌ನ ನೀರು ಮಾಂಸದ್ದಿರುತ್ತದೆ, ಗುಲಾಶ್ ಮಾಂಸದ ಸಾರು. ಪ್ರಾಗ್‌ನಲ್ಲಿ ಕರಿದ ಚೀಸ್ ಸಿಗುತ್ತದೆ, ಸ್ಮಾಜೆನಿ ಸೀರ್ ಅನ್ನುತ್ತಾರೆ. ಬುಡಾಪೆಸ್ಟಿನ ಲಾಂಗೋಶ್ ಅಂದರೆ ದಪ್ಪ ಪೂರಿಯಂಥದ್ದು, ಮೇಲೆ ಹುಳಿ ಕೆನೆ, ಚೀಸ್. ಯಾವ ಎಣ್ಣೆಯಲ್ಲಿ ಕರಿದಿದ್ದು ಅಂತ ಕೇಳಿ, ಹಂಗೇರಿಯಲ್ಲಿ ಹಂದಿ ಕೊಬ್ಬಿನ ಬಳಕೆ ಇದೆ. ಸ್ಲೊವಾಕಿಯಾದ ಬ್ರಿಂಡ್ಜೊವೆ ಹಾಲುಷ್ಕಿ ಕುರಿ ಹಾಲಿನ ಚೀಸ್ ಹಾಕಿದ ಆಲೂಗಡ್ಡೆ ಕಡುಬು. ಮೇಲೆ ಹಂದಿ ಮಾಂಸದ ಚೂರು ಉದುರಿಸುತ್ತಾರೆ, ಅದು ಬೇಡ ಅನ್ನಬೇಕು. ವಿಯೆನ್ನಾದ ಆಪಲ್ ಸ್ಟ್ರೂಡೆಲ್ ತಿನ್ನದೆ ಬರಬೇಡಿ. ಮಾಂಸ ಬೇಡ ಅನ್ನಲು ಆಸ್ಟ್ರಿಯಾದಲ್ಲಿ ‘ಓನೆ ಫ್ಲೈಶ್’, ಚೆಕ್‌ನಲ್ಲಿ ‘ಬೆಜ್ ಮಸಾ’. ಹಂಗೇರಿಯ ಭಾಷೆ ನಮ್ಮ ನಾಲಿಗೆಗೆ ಹೊರಳುವುದಿಲ್ಲ, ಮೊಬೈಲಿನಲ್ಲಿ ಬರೆದು ತೋರಿಸುವುದೇ ವಾಸಿ. ಮೂರೂ ದೊಡ್ಡ ಊರುಗಳಲ್ಲಿ ಇಂಡಿಯನ್ ಹೋಟೆಲ್‌ಗಳಿವೆ. ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ತೆಗೆದುಕೊಂಡರೆ ಒಂದು ಹೊತ್ತು ಅನ್ನ ಸಾರು ಮಾಡಿಕೊಳ್ಳಬಹುದು. ಆಸ್ಟ್ರಿಯಾದಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಸಾಮಾನು ತನ್ನಿ. ನೀರಿಗೆ ದುಡ್ಡು ಸುರಿಯಬೇಡಿ. ವಿಯೆನ್ನಾದ ನಲ್ಲಿಯಲ್ಲಿ ಬರುವುದು ಆಲ್ಪ್ಸ್ ಬೆಟ್ಟದ ಊಟೆ ನೀರು. ಆ ಕೊಳವೆ ಮಾರ್ಗ ಶುರುವಾದದ್ದು 1873ರಲ್ಲಿ.

ಚಾರ್ಜರ್ ಬಗ್ಗೆ ಒಂದು ಸಾಲು: ನಮ್ಮ ಎರಡು ಪಿನ್ನಿನ ಮೊಬೈಲ್ ಚಾರ್ಜರ್ ಅಲ್ಲಿ ಹೊಂದುತ್ತದೆ, ಮೂರು ಪಿನ್ನಿನದಕ್ಕೆ ಅಡಾಪ್ಟರ್ ಬೇಕು. ಒಡವೆ ವಿಷಯಕ್ಕೂ ಒಂದು ಮಾತು: ತಾಳಿ, ಒಂದು ಜೊತೆ ಓಲೆ ಸಾಕು. ಹೆಚ್ಚಿನ ಚಿನ್ನ ಒಯ್ಯಲೇಬೇಕಾದರೆ ಹೊರಡುವಾಗ ಕಸ್ಟಮ್ಸ್‌ನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿ. ಇಲ್ಲವಾದರೆ ವಾಪಸ್ ಬರುವಾಗ ಅದು ನಿಮ್ಮದೇ ಅಂತ ವಾದ ಮಾಡಬೇಕಾದೀತು.

ಅಲ್ಲಿ ಏನು ಮಾಡಬೇಕು

ಪ್ರತಿ ಊರಿನಲ್ಲಿ ದಿನಕ್ಕೆ ಒಂದೇ ದೊಡ್ಡ ಜಾಗ ಇಟ್ಟುಕೊಳ್ಳಿ. ಉಳಿದ ಹೊತ್ತು ಖಾಲಿ ಬಿಡಿ. ಕಾಫಿ ಅಂಗಡಿಯಲ್ಲಿ ಇಬ್ಬರೇ ಒಂದು ಗಂಟೆ ಕೂರುವುದಕ್ಕೇ ಅಲ್ವಾ ಇಷ್ಟು ದೂರ ಹೋಗುವುದು?

ಪ್ರಾಗ್‌ನಲ್ಲಿ ಚಾರ್ಲ್ಸ್ ಸೇತುವೆಯನ್ನು ಬೆಳಿಗ್ಗೆ ಏಳರೊಳಗೆ ನೋಡಿ. 1357ರಲ್ಲಿ ಕಟ್ಟಲು ಶುರುಮಾಡಿದ ಕಲ್ಲಿನ ಸೇತುವೆ, ಎರಡೂ ಬದಿಗೆ ಮೂವತ್ತು ಶಿಲ್ಪಗಳು. ಹತ್ತು ಗಂಟೆಯ ಮೇಲೆ ಜಾತ್ರೆಯಂತೆ ಜನ, ಜೇಬುಗಳ್ಳರೂ ಇರುತ್ತಾರೆ. ಹಳೆ ಪಟ್ಟಣದ ಚೌಕದ ಖಗೋಳ ಗಡಿಯಾರ 1410ರದ್ದು. ಗಂಟೆ ಹೊಡೆದಾಗ ಗೊಂಬೆಗಳು ತಿರುಗುತ್ತವೆ. ಒಂದು ನಿಮಿಷದ ಆಟ, ಜಾಸ್ತಿ ನಿರೀಕ್ಷೆ ಬೇಡ.

ವಿಯೆನ್ನಾದಲ್ಲಿ ಷೋನ್‌ಬ್ರುನ್ ಅರಮನೆಗೆ ಆನ್‌ಲೈನ್‌ನಲ್ಲಿ ಮೊದಲೇ ಸಮಯ ಕಾಯ್ದಿರಿಸಿ. ತೋಟಕ್ಕೆ ಟಿಕೆಟ್ ಇಲ್ಲ. ಪ್ರಾಟರ್ ಪಾರ್ಕಿನ ದೊಡ್ಡ ತಿರುಗುವ ಚಕ್ರ 1897ರದ್ದು, ಇವತ್ತಿಗೂ ನಿಧಾನಕ್ಕೆ ತಿರುಗುತ್ತಿದೆ. ಸ್ಟೇಟ್ ಆಪೆರಾದ ಒಳ್ಳೆಯ ಸೀಟು ಬಹಳ ದುಬಾರಿ, ನಿಂತು ನೋಡುವ ಟಿಕೆಟ್ ತುಂಬಾ ಅಗ್ಗ. ಅರ್ಥವಾಗದಿದ್ದರೆ ಅರ್ಧಕ್ಕೆ ಎದ್ದು ಬರಬಹುದು. ಜುಲೈ, ಆಗಸ್ಟ್‌ನಲ್ಲಿ ಆಪೆರಾ ಇರುವುದಿಲ್ಲ.

ಬ್ರಾಟಿಸ್ಲಾವಾಕ್ಕೆ ರೈಲಿನಲ್ಲಿ ಹೋಗಿ, ಸೀಸನ್ ಇದ್ದರೆ ದೋಣಿಯಲ್ಲಿ ವಾಪಸ್ ಬನ್ನಿ. ಡ್ಯಾನ್ಯೂಬ್ ನದಿಯ ಮೇಲೆ ಒಂದೂವರೆ ಗಂಟೆಯ ಆಸುಪಾಸು. ಸಮಯ ಇದ್ದರೆ ಊರ ಹೊರಗಿನ ದೆವಿನ್ ಕೋಟೆಗೆ ಬಸ್ಸಿದೆ. ಮೊರಾವಾ ನದಿ ಬಂದು ಡ್ಯಾನ್ಯೂಬ್ ಸೇರುವ ಬಂಡೆಯ ಮೇಲೆ ಕಟ್ಟಿದ ಕೋಟೆ. ಚಿತ್ರದುರ್ಗದವರು ಅದನ್ನು ನೋಡಿ ಇಷ್ಟೇನಾ ಅನ್ನಬಹುದು.

ವಾರ್ಷಿಕೋತ್ಸವದ ದಿನವನ್ನು ಬುಡಾಪೆಸ್ಟಿನ ರಾತ್ರಿಗೆ ಬೀಳುವಂತೆ ಪಟ್ಟಿ ಹಾಕಿ ಅನ್ನುವುದು ನನ್ನ ಒತ್ತಾಯ. ಕೊನೆಯ ರಾತ್ರಿಯಲ್ಲ, ಅದರ ಹಿಂದಿನದು. ಕೊನೆಯ ರಾತ್ರಿ ಪೆಟ್ಟಿಗೆ ಕಟ್ಟುವ ಚಿಂತೆ ಇರುತ್ತದೆ. ನದಿಯ ಒಂದು ಕಡೆ ಬುಡಾ, ಇನ್ನೊಂದು ಕಡೆ ಪೆಸ್ಟ್. ಎರಡೂ ಕೂಡಿ ಒಂದೇ ಊರಾದದ್ದೂ 1873ರಲ್ಲೇ. ಬೆಳಿಗ್ಗೆ ಸೆಚೆನಿ ಬಿಸಿನೀರಿನ ಸ್ನಾನಗೃಹ. ಇಬ್ಬರಿಗೂ ಈಜುಡುಗೆ ಬೇಕು, ಊರಿಂದಲೇ ಒಯ್ಯಿರಿ. ಮಧ್ಯಾಹ್ನ ನಿದ್ದೆ. ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಸರಿಯಾಗಿ ದೋಣಿ ಹತ್ತಿ. ಕತ್ತಲಾಗುತ್ತಿದ್ದಂತೆ ಪಾರ್ಲಿಮೆಂಟ್ ಕಟ್ಟಡಕ್ಕೆ ದೀಪ ಹತ್ತುತ್ತದೆ, 1849ರ ಸರಪಳಿ ಸೇತುವೆಯ ಕೆಳಗೆ ದೋಣಿ ಹೋಗುತ್ತದೆ. ಊಟ ಸೇರಿದ ದುಬಾರಿ ದೋಣಿ ಬೇಡ, ಸಸ್ಯಾಹಾರಿಗಳಿಗೆ ಅಲ್ಲಿ ಸಿಗುವುದು ಕಡಿಮೆ. ಒಂದು ಗಂಟೆಯ ಸಾದಾ ದೋಣಿ ಹತ್ತಿ, ಇಳಿದ ಮೇಲೆ ಮೊದಲೇ ಮೇಜು ಕಾಯ್ದಿರಿಸಿದ ಹೋಟೆಲಿಗೆ ಹೋಗಿ. ವಾರ್ಷಿಕೋತ್ಸವ ಅಂತ ರೂಮು ಬುಕ್ ಮಾಡುವಾಗಲೇ ಒಂದು ಸಾಲು ಬರೆದಿರಿ. ಕೆಲವು ಕಡೆ ಕೇಕ್ ಇಡುತ್ತಾರೆ, ಕೆಲವು ಕಡೆ ಒಳ್ಳೆಯ ಕಿಟಕಿ ಇರುವ ರೂಮು ಕೊಡುತ್ತಾರೆ. ಕೇಳುವುದಕ್ಕೆ ದುಡ್ಡಿಲ್ಲ. ಊರಿನವರಿಗೆ ಫೋನ್ ಮಾಡುವುದಿದ್ದರೆ ಮಧ್ಯಾಹ್ನವೇ ಮಾಡಿಬಿಡಿ. ಬೇಸಿಗೆಯಲ್ಲಿ ಬುಡಾಪೆಸ್ಟ್ ನಮ್ಮೂರಿಗಿಂತ ಮೂರೂವರೆ ಗಂಟೆ ಹಿಂದೆ, ಅಲ್ಲಿಯ ರಾತ್ರಿ ಒಂಬತ್ತಕ್ಕೆ ನಮ್ಮೂರಲ್ಲಿ ಹನ್ನೆರಡೂವರೆ.

ಹೊರಡುವ ದಿನ ಬಿಲ್ಲುಗಳನ್ನು ಕೈಯಲ್ಲಿಟ್ಟುಕೊಳ್ಳಿ. ಆಸ್ಟ್ರಿಯಾದಲ್ಲಿ ಒಂದೇ ಅಂಗಡಿಯಲ್ಲಿ 75 ಯೂರೊ ಮೀರಿ ಕೊಂಡಿದ್ದರೆ ಅಲ್ಲಿಯ ತೆರಿಗೆಯಲ್ಲಿ ಒಂದು ಪಾಲು ವಾಪಸ್ ಸಿಗುತ್ತದೆ. ಕೊಳ್ಳುವಾಗಲೇ ಪಾಸ್‌ಪೋರ್ಟ್ ತೋರಿಸಿ ಫಾರಂ ತುಂಬಿಸಿಕೊಂಡಿರಬೇಕು. ಕಸ್ಟಮ್ಸ್ ಮುದ್ರೆ ಹಾಕಿಸುವುದು ವಿಯೆನ್ನಾದಲ್ಲಲ್ಲ, ಒಕ್ಕೂಟದಿಂದ ಹೊರಗೆ ಹಾರುವ ಬುಡಾಪೆಸ್ಟ್ ಏರ್‌ಪೋರ್ಟಿನಲ್ಲಿ. ಅದೂ ಪೆಟ್ಟಿಗೆಯನ್ನು ಚೆಕ್-ಇನ್‌ಗೆ ಕೊಡುವ ಮೊದಲು, ಯಾಕೆಂದರೆ ಸಾಮಾನು ತೋರಿಸಿ ಅನ್ನಬಹುದು. ಅದಕ್ಕೊಂದು ಗಂಟೆ ಜಾಸ್ತಿ ಇಟ್ಟುಕೊಂಡು ಹೋಟೆಲ್ ಬಿಡಿ.